ಬರೆದು ಬದುಕುವ ಲೆಕ್ಕ

ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಅಭಿಮಾನದಿಂದ ಹೇಳುವ ಸಂಗತಿ. ಹಾವೇರಿ ಸೀಮೆಯ ಈ ಶಾಲಾ ಮಾಸ್ತರರು (1869–1942) ಕನ್ನಡಕ್ಕೆ ಕಾದಂಬರಿ ಓದುವವರನ್ನು ಹೀಗೆ ಮನೆಮನೆಯಿಂದ ಸಂಪಾದಿಸಿದರು. ಬರೆದವರೇ ಹೊತ್ತು ಮಾರಬೇಕಾಯಿತೆಂಬ ಕಷ್ಟ ಮಾತ್ರ ಆ ಅಭಿಮಾನದಲ್ಲಿ ಮರೆತುಹೋಗುತ್ತದೆ.

ಚೆನ್ನಾಗಿ ಬರೆದವರೂ ಬರವಣಿಗೆಯಿಂದ ಬದುಕಲಾರದೆ ಹೋದದ್ದೇಕೆ? ಪ್ರತಿಭೆ ಸಾಲದು ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಕನ್ನಡ ಕಾದಂಬರಿಯ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ. ಲೇಖಕರ ಗೌರವಧನ ಶೇ 10ರ ಆಸುಪಾಸು. ಬೆಲೆ 200 ರೂಪಾಯಿ ಎಂದಿಟ್ಟುಕೊಂಡರೆ, ಅಷ್ಟೂ ಪ್ರತಿ ಖರ್ಚಾದ ಮೇಲೆ ಲೇಖಕರಿಗೆ ಸಲ್ಲುವುದು 20,000 ರೂಪಾಯಿ. ಬರೆಯಲು ಎರಡು ವರ್ಷ ಹಿಡಿದಿದ್ದರೆ ತಿಂಗಳಿಗೆ 850 ರೂಪಾಯಿಯೂ ಬೀಳದು. ಅದೂ ಒಟ್ಟಿಗೆ ಕೈಸೇರುವುದಿಲ್ಲ. ಪ್ರಕಾಶಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡಿರುತ್ತಾರೆ. ಅಲ್ಲಿ ಹಣ ತಡವಾದರೆ ಇಲ್ಲಿಯೂ ತಡ.

ಆದ್ದರಿಂದಲೇ ನಮ್ಮ ದೊಡ್ಡ ಕತೆಗಾರರಲ್ಲಿ ಅನೇಕರಿಗೆ ಬೇರೊಂದು ವರಮಾನವಿತ್ತು. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿ, ಕುವೆಂಪು ಪ್ರಾಧ್ಯಾಪಕರು, ಯಶವಂತ ಚಿತ್ತಾಲರು ಮುಂಬೈಯಲ್ಲಿ ರಸಾಯನ ತಂತ್ರಜ್ಞರು, ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರು. ಮುಂದಿನ ಪುಸ್ತಕ ಯಾವಾಗ ಮುಗಿದೀತೆಂಬ ಚಿಂತೆ ಅವರ ಅಡುಗೆಮನೆಯವರೆಗೆ ಹೋಗುವಂತಿರಲಿಲ್ಲ. ಒಂದು ಕಾದಂಬರಿಯನ್ನು ವರ್ಷಗಟ್ಟಲೆ ತಿದ್ದುವ ಬಿಡುವೂ ಒಂದು ಬಗೆಯ ಸಿರಿತನವೇ.

ಲೇಖನಿಯನ್ನೇ ನೆಚ್ಚಿದವರು ಅ.ನ.ಕೃ. ಮತ್ತು ತ.ರಾ.ಸು. ಅ.ನ.ಕೃ. ಅವರ ಕಾದಂಬರಿಗಳೇ ನೂರಕ್ಕೂ ಹೆಚ್ಚು. ಅತಿಯಾಗಿ ಬರೆದರೆಂಬ ಆಕ್ಷೇಪವೂ ಅವರ ಮೇಲೆ ಬಂತು. ಆದರೆ ಒಂದು ಪುಸ್ತಕದ ಗಳಿಕೆ ಮುಂದಿನದು ಮುಗಿಯುವವರೆಗೆ ಸಾಲದಿದ್ದಾಗ ಬೇಗ ಬೇಗ ಬರೆಯದೆ ಬೇರೆ ದಾರಿ ಯಾವುದಿತ್ತು? ಸಂಬಳದ ಭದ್ರತೆಯಲ್ಲಿ ಕುಳಿತು ಈ ಆಕ್ಷೇಪ ಎತ್ತುವುದು ಸುಲಭ.

ಓದುಗರು ಹೆಚ್ಚಿದರೆ ಆದಾಯವೂ ಹೆಚ್ಚುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೀದಿಬೀದಿಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದ ಕಾಲದಲ್ಲಿ ಹೊಸ ಕಾದಂಬರಿಗೆ ಗೃಹಿಣಿಯರು ಸರದಿ ಕಾಯುತ್ತಿದ್ದರು. ಒಂದು ಪ್ರತಿ ಐವತ್ತು ಮನೆ ಸುತ್ತಿ ಬಂದರೂ ಲೇಖಕರಿಗೆ ಸಿಕ್ಕುತ್ತಿದ್ದುದು ಒಂದು ಪ್ರತಿಯ ಪಾಲು ಮಾತ್ರ. ಬಾಡಿಗೆ ಲೈಬ್ರರಿಯವನದು! ಆ ಕೊರತೆಯನ್ನು ಸ್ವಲ್ಪ ತುಂಬಿದ್ದು ವಾರಪತ್ರಿಕೆಗಳ ಧಾರಾವಾಹಿ, ಅದೃಷ್ಟವಿದ್ದವರಿಗೆ ಸಿನಿಮಾ. ತ.ರಾ.ಸು. ಅವರ ಮೂರು ಕಾದಂಬರಿಗಳು ಸೇರಿ 1972ರಲ್ಲಿ 'ನಾಗರಹಾವು' ಚಿತ್ರವಾಯಿತು. ಮುಂದೆ ಕಿರುತೆರೆಯ ಧಾರಾವಾಹಿಗಳು ಮನೆ ಹೊಕ್ಕ ಮೇಲೆ ಮಧ್ಯಾಹ್ನದ ಓದು ಕುಗ್ಗಿತು, ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕತೆ ಹೆಣೆಯಬಲ್ಲ ಅನೇಕರು ಕಿರುತೆರೆಗೇ ಸಂಭಾಷಣೆ ಬರೆಯಲು ಹೊರಟರು. ಅಲ್ಲಿ ಕಂತಿನ ಲೆಕ್ಕದಲ್ಲಿ ಹಣ ಸಿಗುತ್ತಿತ್ತು.