ಮರೆವಿದ್ದವರ ದೂರಿಗೂ ಬೆಲೆಯಿದೆ

‘ಅರವತ್ತಕ್ಕೆ ಅರಳು ಮರಳು’ ಎಂದು ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಅಜ್ಜಿಯ ತೋಳಿನ ಮೇಲೆ ಬೆರಳು ಮೂಡಿದಂತೆ ನೀಲಿ ಕಲೆ ಕಂಡರೂ, ‘ಹೊಡೆದರು’ ಎಂದು ಆಕೆಯೇ ಹೇಳಿದರೂ ಆ ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ.

ವಯಸ್ಸಾದರೆ ಬುದ್ಧಿ ಮಂಕಾಗಲೇಬೇಕು ಎಂಬುದು ಸುಳ್ಳು. ಇದಕ್ಕೆ ಫರೀದಾಬಾದ್ ಜಿಲ್ಲೆಯ ಬಲ್ಲಭಗಢವೇ ಸಾಕ್ಷಿ. ಭಾರತ–ಅಮೆರಿಕ ಸಂಶೋಧಕರು ಅಲ್ಲಿನ ಹಳ್ಳಿಗಳಲ್ಲಿ 55 ದಾಟಿದ 5,126 ಜನರನ್ನು ಪರೀಕ್ಷಿಸಿದರು. ಮುಕ್ಕಾಲು ಪಾಲು ಜನರಿಗೆ ಓದುಬರಹ ಬರದ ಕಾರಣ ಪ್ರಶ್ನೆಗಳನ್ನೇ ಬದಲಿಸಬೇಕಾಯಿತು. ‘ಒಂದು ವಾಕ್ಯ ಬರೆಯಿರಿ’ ಎನ್ನುವ ಕಡೆ ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ 65 ದಾಟಿದವರಲ್ಲಿ ಡಿಮೆನ್ಶಿಯ (ಮರೆವಿನ ಕಾಯಿಲೆ) ಇದ್ದವರು ಶೇ 1.36 ಮಾತ್ರ. 2023ರ ರಾಷ್ಟ್ರೀಯ ಅಂದಾಜು 60 ದಾಟಿದವರಲ್ಲಿ ಶೇ 7.4, ಅಂದರೆ ಸುಮಾರು 88 ಲಕ್ಷ ಜನ. ಅಳತೆಗೋಲು ಬೇರೆ ಬೇರೆ, ನಿಜ. ಆದರೆ ಎರಡರಲ್ಲೂ ಬಹುಪಾಲು ಹಿರಿಯರಿಗೆ ಈ ಕಾಯಿಲೆ ಇಲ್ಲ.

‘ಬೈದರೂ ಹತ್ತು ನಿಮಿಷಕ್ಕೆ ಮರೆತುಬಿಡ್ತಾರೆ’ ಎಂಬ ನಂಬಿಕೆಯಂತೂ ಇನ್ನೂ ಅಪಾಯಕಾರಿ. ಅಯೋವಾ ವಿಶ್ವವಿದ್ಯಾಲಯದವರು ಅಲ್ಝೈಮರ್ ರೋಗಿಗಳಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದು ಬೇಗನೆ ಮರೆತುಹೋಯಿತು, ದುಃಖ ಮಾತ್ರ ಉಳಿಯಿತು. ಕಡಿಮೆ ನೆನಪಿದ್ದವರಲ್ಲೇ ಅದು ಹೆಚ್ಚು ಹೊತ್ತು ಉಳಿಯಿತು ಎಂದು 2014ರ ಆ ವರದಿ ಹೇಳುತ್ತದೆ. ಯಾರನ್ನೋ ಕಂಡರೆ ಅಮ್ಮ ಮುದುಡಿಕೊಂಡರೆ, ಸ್ನಾನಕ್ಕೆ ಕರೆದರೆ ಕಿರುಚಿದರೆ, ಅದಕ್ಕೊಂದು ಕಾರಣ ಇರಬಹುದು.

ಹೊಡೆಯುವುದಷ್ಟೇ ಹಿಂಸೆಯಲ್ಲ. ಹಾಸಿಗೆ ಒದ್ದೆಯಾದೀತೆಂದು ಸಂಜೆಯ ಮೇಲೆ ನೀರು ಕೊಡದಿರುವುದು, ಹೊರಗಿನಿಂದ ಚಿಲಕ ಹಾಕುವುದು, ಸುಮ್ಮನಿರಲಿ ಎಂದು ಮಾತ್ರೆ ನುಂಗಿಸುವುದು, ಪಿಂಚಣಿ ಚೀಟಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಎಲ್ಲವೂ ಹಿಂಸೆಯೇ. ಮಾಡುವವರು ಕ್ರೂರಿಗಳೇ ಆಗಿರಬೇಕಿಲ್ಲ. ಬ್ರಿಟನ್ನಿನ 220 ಕುಟುಂಬ ಆರೈಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮಿಂದ ಒಂದಲ್ಲ ಒಂದು ಬಗೆಯ ಹಿಂಸೆ ಆಗಿದೆಯೆಂದು ಒಪ್ಪಿಕೊಂಡಿದ್ದರು (2009). ಹೆಚ್ಚಿನದು ಬೈಗುಳ. ಕೈಮಾಡಿದವರು ಮೂವರೇ. ರಾತ್ರಿಯಿಡೀ ನಿದ್ದೆಗೆಟ್ಟ ಸೊಸೆಗೆ ವಾರಕ್ಕೊಂದು ದಿನವಾದರೂ ಬಿಡುವು ಸಿಗದ ಮನೆಯಲ್ಲಿ ಬರೀ ಬುದ್ಧಿಮಾತು ಕೆಲಸಕ್ಕೆ ಬಾರದು.

‘ನೆನಪೇ ಇಲ್ಲದವರು ದೂರು ಕೊಡುವುದು ಹೇಗೆ?’ 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಜೀವನಾಂಶಕ್ಕೆ ಅವರೇ ಅರ್ಜಿ ಹಾಕಬೇಕಿಲ್ಲ. ಅವರ ಪರವಾಗಿ ಅಧಿಕಾರ ಪಡೆದ ವ್ಯಕ್ತಿ ಅಥವಾ ಸಂಸ್ಥೆ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಲೂಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂಪಡೆಯಲು 23ನೇ ಕಲಮು ಇದೆ. ಹಿರಿಯರ ಸಹಾಯವಾಣಿ 14567 ದೇಶಾದ್ಯಂತ ಒಂದೇ.

‘ಒಡವೆ ಕದ್ದರು’ ಎಂಬ ಆರೋಪ ಕಾಯಿಲೆಯಿಂದಲೂ ಹುಟ್ಟಬಹುದು. ಹಾಗೆಂದು ತಳ್ಳಿಹಾಕದೆ ವಿಚಾರಿಸಬೇಕು. ಊರಿನಿಂದ ಫರೀದಾಬಾದಿನ ಮಗನ ಮನೆಗೆ ಬಂದ ಕನ್ನಡದ ತಾಯಿಗೆ ನೋವು ಹೇಳಿಕೊಳ್ಳುವುದು ಇನ್ನೂ ಕಷ್ಟ, ನಂತರ ಕಲಿತ ಹಿಂದಿ ಹಲವರಲ್ಲಿ ಮೊದಲೇ ಜಾರಿಹೋಗುತ್ತದೆ. ನೋಡಿಕೊಳ್ಳುವವರು ಹೊರಗೆ ಹೋದಾಗ, ಅವಸರವಿಲ್ಲದೆ, ಕನ್ನಡದಲ್ಲೇ ಕೇಳಿ: ‘ಅಮ್ಮಾ, ಎಲ್ಲಿ ನೋಯ್ತಿದೆ? ಯಾರನ್ನ ಕಂಡ್ರೆ ಭಯ ಆಗುತ್ತೆ?’ ಅವರು ಹೇಳಿದ್ದನ್ನು ಹೇಳಿದಂತೆಯೇ, ತಾರೀಖು ಹಾಕಿ ಬರೆದಿಡಿ. ಕಲೆ ಕಂಡರೆ ಫೋಟೊ ತೆಗೆದು ಅದೇ ದಿನ ವೈದ್ಯರಿಗೆ ತೋರಿಸಿ.