ಇನ್ನೊಬ್ಬರ ಏಳಿಗೆ ಕಂಡಾಗ

ಮೂರನೆಯ ಶತಮಾನದಲ್ಲಿ ಕಾರ್ತೇಜ್ ರೋಮನ್ ಆಫ್ರಿಕದ ದೊಡ್ಡ ರೇವುಪಟ್ಟಣವಾಗಿತ್ತು. ಇಂದಿನ ಟ್ಯುನೀಷಿಯದ ಕಡಲ ದಂಡೆಯಲ್ಲಿ ಅದರ ಅವಶೇಷಗಳಿವೆ. ಅಲ್ಲಿ ಭಾಷಣಕಲೆ ಕಲಿಸಿ ಹೆಸರು ಮಾಡಿದ್ದ ಸಿಪ್ರಿಯನ್ ಎಂಬ ಸಿರಿವಂತ ನಡುವಯಸ್ಸಿನಲ್ಲಿ ಕ್ರೈಸ್ತನಾದ, ಆಸ್ತಿ ಮಾರಿ ಬಡವರಿಗೆ ಹಂಚಿದ. ದೀಕ್ಷಾಸ್ನಾನವಾಗಿ ಕೆಲವೇ ವರ್ಷ ಕಳೆದಿದ್ದವು, 248–249ರ ಹೊತ್ತಿಗೆ ಜನರು ಅವನನ್ನೇ ಬಿಷಪ್ ಆಗಿ ಆರಿಸಿಬಿಟ್ಟರು. ಮೊದಲಿನಿಂದ ಸೇವೆಯಲ್ಲಿದ್ದ ಪಾದ್ರಿಗಳಲ್ಲಿ ಕೆಲವರಿಗೆ ಇದು ನುಂಗಲಾರದ ತುತ್ತಾಯಿತು. ಐವರು ಅವನ ವಿರುದ್ಧ ಗುಂಪು ಕಟ್ಟಿದರು.

ಸ್ವಲ್ಪ ಕಾಲದಲ್ಲೇ ಚಕ್ರವರ್ತಿ ಡೀಸಿಯಸ್ ಪ್ರಜೆಗಳೆಲ್ಲ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಒಪ್ಪದ ಕ್ರೈಸ್ತರನ್ನು ಹಿಡಿಯತೊಡಗಿದರು. 250ರಲ್ಲಿ ಸಿಪ್ರಿಯನ್ ಊರು ಬಿಟ್ಟು ತಲೆಮರೆಸಿಕೊಂಡು, ಕಾಗದ ಬರೆದು ಬರೆದೇ ಸಭೆಯನ್ನು ನಡೆಸಿದ. ಬಿಷಪ್ ಓಡಿಹೋದ ಎಂದು ಆಡಿಕೊಳ್ಳಲು ಎದುರಾಳಿಗಳಿಗೆ ಇಷ್ಟು ಸಾಕಾಯಿತು. ಈ ಜಗಳದ ಕಥೆ ನಮಗೆ ತಲುಪಿರುವುದು ಹೆಚ್ಚಾಗಿ ಸಿಪ್ರಿಯನ್ನನ ಕಾಗದಗಳಿಂದ, ಮತ್ತೆ ಅವನನ್ನು ಮೆಚ್ಚಿದ್ದ ಪೊಂಟಿಯಸ್ ಬರೆದ ಜೀವನಚರಿತ್ರೆಯಿಂದ. ಆ ಐವರು ಬರೆದಿದ್ದರೆ ಬೇರೆಯದೇ ಕಥೆ ಇರುತ್ತಿತ್ತೇನೋ. ತಮ್ಮನ್ನು ಒಪ್ಪದವರದ್ದೆಲ್ಲ ಹೊಟ್ಟೆಕಿಚ್ಚು ಎಂದುಬಿಡುವುದು ಅಧಿಕಾರದಲ್ಲಿರುವವರಿಗೆ ಬಹಳ ಸುಲಭ.

ಅವನು ಊರಿಗೆ ಮರಳಿದ ಮೇಲೆ, 252ರ ಸುಮಾರಿಗೆ, ಕಾರ್ತೇಜಿನಲ್ಲಿ ಮಹಾಮಾರಿ ಹಬ್ಬಿತು. ಬೇಧಿ, ವಾಂತಿ, ಗಂಟಲ ಹುಣ್ಣು, ಕೆಂಡದಂತಾದ ಕಣ್ಣು, ಕೊಳೆತು ಹೋಗುವ ಕೈಕಾಲು: ರೋಗಲಕ್ಷಣಗಳನ್ನು ಇಷ್ಟು ವಿವರವಾಗಿ ಬರೆದಿಟ್ಟವನು ಸಿಪ್ರಿಯನ್ನನೇ ಆದ್ದರಿಂದ ಇತಿಹಾಸಕಾರರು ಅದನ್ನು ಸಿಪ್ರಿಯನ್ನನ ಪ್ಲೇಗು ಎಂದೇ ಕರೆಯುತ್ತಾರೆ. ಸೋಂಕಿಗೆ ಹೆದರಿ ಜನ ತಮ್ಮ ಮನೆಯವರನ್ನೇ ಹೊರಗೆ ಹಾಕುತ್ತಿದ್ದರಂತೆ. ಸಿಪ್ರಿಯನ್ ಸಭೆಯನ್ನು ಕೂಡಿಸಿ ಕೆಲಸ ಹಂಚಿದ. ಉಳ್ಳವರು ಹಣ ಕೊಟ್ಟರು, ಇಲ್ಲದವರು ಮೈಮುರಿದು ದುಡಿದರು. ನಮ್ಮವರನ್ನಷ್ಟೇ ನೋಡಿಕೊಂಡರೆ ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವನ ವಾದ. ಹಾಗಾಗಿ ನಿನ್ನೆ ಮೊನ್ನೆ ತಮ್ಮನ್ನು ಹಿಡಿದುಕೊಟ್ಟ ಊರಿನವರಿಗೂ ಆರೈಕೆ ಸಿಕ್ಕಿತು. ಅದೇ ಕಾಲದ ಸುಮಾರಿಗೆ ನೆರೆಯ ನುಮಿಡಿಯದ ಕ್ರೈಸ್ತರನ್ನು ದಾಳಿಕೋರರು ಸೆರೆಹಿಡಿದಾಗ, ಅವರನ್ನು ಬಿಡಿಸಲು ಕಾರ್ತೇಜಿನ ಸಭೆ 1,00,000 ಸೆಸ್ಟರ್ಸ್ ನಾಣ್ಯಗಳನ್ನು ಕೂಡಿಸಿ ಕಳಿಸಿತು. ಜೊತೆಗೆ ದಾನ ಕೊಟ್ಟವರ ಹೆಸರುಗಳೂ ಹೋದವು, ಪ್ರಾರ್ಥನೆಯಲ್ಲಿ ನೆನೆಯಲಿ ಎಂದು.

ಇಷ್ಟೆಲ್ಲ ಆದಮೇಲೆ, 256ರ ಸುಮಾರಿಗೆ, ಸಿಪ್ರಿಯನ್ ಮತ್ಸರ ಮತ್ತು ಹೊಟ್ಟೆಕಿಚ್ಚಿನ ಬಗ್ಗೆಯೇ ಒಂದು ಚಿಕ್ಕ ಪುಸ್ತಕ ಬರೆದ. ಬರೆದ ಹೊತ್ತನ್ನು ಗಮನಿಸಬೇಕು. ಗುರುತಿಲ್ಲದ ರೋಗಿಗಳಿಗೆ ಉಪಚಾರ ಮಾಡಿದ, ಕಂಡಿಲ್ಲದ ಸೆರೆಯಾಳುಗಳಿಗೆ ಹಣ ಕೂಡಿಸಿದ ಸಭೆಗೇ ಈ ಮಾತು ಹೇಳಬೇಕಾಗಿ ಬಂತು. ನೊಂದವರಿಗೆ ನೆರವಾಗುವವರೆಲ್ಲ ಹೊಟ್ಟೆಕಿಚ್ಚನ್ನು ಗೆದ್ದವರಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಹೊಟ್ಟೆಕಿಚ್ಚನ್ನು ಸಣ್ಣ ತಪ್ಪು ಎಂದುಕೊಳ್ಳುವುದರಿಂದಲೇ ಜನ ಅದರ ವಿಷಯದಲ್ಲಿ ಎಚ್ಚರ ತಪ್ಪುತ್ತಾರೆ ಎಂದು ಅವನು ಆರಂಭಿಸುತ್ತಾನೆ. ಕಾಯಿನ, ಯೋಸೇಫನ ಅಣ್ಣಂದಿರು, ದಾವೀದನ ಹಾಡಿಹೊಗಳಿಕೆ ಕೇಳಿ ಕುದಿದ ಅರಸ ಸೌಲ, ಹೀಗೆ ಬೈಬಲ್ಲಿನ ಉದಾಹರಣೆಗಳನ್ನು ಸಾಲಾಗಿ ತರುತ್ತಾನೆ. ಇದಕ್ಕಿಂತ ಚುರುಕಾದದ್ದು ಅವನ ಇನ್ನೊಂದು ಮಾತು. ಕಳವಿಗೂ ಕೊಲೆಗೂ ಮಾಡಿ ಮುಗಿಯಿತು ಎಂಬ ಒಂದು ಗಳಿಗೆಯಾದರೂ ಇದೆ. ಹೊಟ್ಟೆಕಿಚ್ಚಿಗೆ ಅದಿಲ್ಲ, ಎದುರಿನವನ ಏಳಿಗೆಯಾದಷ್ಟೂ ಅದು ಬೆಳೆಯುತ್ತದೆ. ಹಗೆಯಿಂದ ತಪ್ಪಿಸಿಕೊಂಡು ಓಡಬಹುದು, ಹೊಟ್ಟೆಕಿಚ್ಚಿನವನು ತನ್ನಿಂದಲೇ ತಾನು ಎಲ್ಲಿಗೆ ಓಡಿಯಾನು?

ಮದ್ದನ್ನೂ ಹೇಳುತ್ತಾನೆ. ದೇವರ ವಾಕ್ಯ ಓದು, ಪ್ರಾರ್ಥಿಸು, ಕೈಬಿಚ್ಚಿ ಕೊಡು ಎಂಬುದನ್ನು ಯಾವ ಬಿಷಪ್ ಆದರೂ ಹೇಳಿಯಾನು. ಅದರ ಮುಂದಿನದ್ದು ಕಷ್ಟದ್ದು. ನಿನಗಿಂತ ಒಳ್ಳೆಯವನನ್ನು ಕಂಡರೆ ಅವನಂತಾಗಲು ನೋಡು, ಆಗದಿದ್ದರೆ ಅವನ ಜೊತೆ ಸಂತೋಷವನ್ನಾದರೂ ಪಡು, ಆಗ ಅವನ ಒಳಿತಿನಲ್ಲಿ ನೀನೂ ಪಾಲುಗಾರನಾಗುತ್ತೀಯೆ. ಇದು ಅವನ ಸಲಹೆ.

ಏಕೆ ಕಷ್ಟ ಎಂಬುದನ್ನು ಬಿಡಿಸಿ ಹೇಳಿದವನು ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಬಂದ ಬೋಧಕ ಯೋಹಾನ ಕ್ರಿಸೊಸ್ತೊಮ. ಅಳುವವರ ಜೊತೆ ಅಳಬೇಕು, ನಲಿಯುವವರ ಜೊತೆ ನಲಿಯಬೇಕು ಎಂದು ಅಪೊಸ್ತಲ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಎರಡನ್ನೂ ಕೇಳುತ್ತಾನೆ. ಇದರ ಮೇಲೆ ಬೋಧಿಸುವಾಗ ಕ್ರಿಸೊಸ್ತೊಮ ಹೇಳಿದ್ದು: ಅಳುವವರೊಡನೆ ಅಳಲು ಕಲ್ಲುಹೃದಯ ಇಲ್ಲದಿದ್ದರೆ ಸಾಕು, ನಲಿಯುವವರೊಡನೆ ನಲಿಯಲು ಅದಕ್ಕಿಂತ ಉದಾರವಾದ ಮನಸ್ಸು ಬೇಕು. ಬಿದ್ದವನಿಗೆ ಕೈಕೊಡುವಾಗ ನಾವು ಒಂದು ಮೆಟ್ಟಿಲು ಮೇಲಿರುತ್ತೇವೆ, ಆ ಎತ್ತರ ಹಿತವಾಗಿರುತ್ತದೆ. ನೆರವು ಪಡೆದವನೇ ಎದ್ದು ನಮ್ಮನ್ನು ದಾಟಿ ಹೋದರೆ? ಆಗಲೂ ಅವನ ಬಗ್ಗೆ ಕಾಳಜಿ ಉಳಿದಿದ್ದರೆ ಅದು ನಿಜವಾದ ಕಾಳಜಿ.

ಬೈಬಲ್ಲಿನಲ್ಲಿ ಇದಕ್ಕೆ ನನಗೆ ಕಾಣುವ ದೊಡ್ಡ ಉದಾಹರಣೆ ಸೌಲನ ಮಗ ಯೋನಾತಾನ. ದಾವೀದ ಬೆಳೆದರೆ ಸಿಂಹಾಸನ ಕಳೆದುಕೊಳ್ಳುವವನು ಅವನೇ. ಅಪ್ಪ ದಾವೀದನತ್ತ ಈಟಿ ಎಸೆದ, ಮಗ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟುಗಳನ್ನು ಅದೇ ದಾವೀದನಿಗೆ ಬಿಚ್ಚಿಕೊಟ್ಟ, ಪ್ರಾಣವನ್ನೂ ಕಾಪಾಡಿದ.

ನಮ್ಮ ಸಭೆಗಳಲ್ಲಿ ಸಿಂಹಾಸನಗಳಿಲ್ಲ. ಕ್ರಿಸ್‌ಮಸ್ ಕೂಟದಲ್ಲಿ ಒಂಟಿಯಾಗಿ ಹಾಡುವ ಅವಕಾಶ ಯಾರಿಗೆ, ಕಾಣಿಕೆಯ ಲೆಕ್ಕ ಯಾರ ಕೈಯಲ್ಲಿ, ಪಾಸ್ಟರೇಟ್ ಕಮಿಟಿಗೆ ಯಾರು ಆರಿಸಿ ಬಂದರು, ಜಗಳ ಇಷ್ಟರಲ್ಲೇ. ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥಿಸಿ ಬರುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ, ಆ ಪದ್ಧತಿ ಉಳಿಯಲಿ. ಅದರ ಜೊತೆಗೆ, ಈ ಸಲ ನಿಮ್ಮನ್ನು ಸೋಲಿಸಿ ಕಮಿಟಿಗೆ ಬಂದವರ ಮನೆಗೂ ಒಮ್ಮೆ ಹೋಗಿ ಬನ್ನಿ, ಅವರು ಮಾಡುವ ಒಳ್ಳೆಯ ಕೆಲಸದ ಬಗ್ಗೆ ಅವರಿಲ್ಲದ ಕಡೆಯೂ ನಾಲ್ಕು ಮಾತಾಡಿ.