‘ಯಾರಿಗೆ?’ ಎಂದು ಕೇಳುವ ಅಂಗಡಿ

ಹಬ್ಬ ಹತ್ತಿರ ಬಂತು ಅನ್ನೋದು ಗೋಡೆಯ ಕ್ಯಾಲೆಂಡರಿಗಿಂತ ಮೊದಲು ನಮ್ಮ ಮೊಬೈಲಿಗೆ ಗೊತ್ತಾಗುತ್ತದೆ. ಮಹಾಲಯ ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇರುವಾಗಲೇ ಒಂದರ ಹಿಂದೆ ಒಂದು ನೋಟಿಫಿಕೇಷನ್. ‘ಅಮ್ಮನಿಗೆ 999ರ ಒಳಗಿನ ಉಡುಗೊರೆ’, ‘ಅಪ್ಪನಿಗೆ 499ರ ಒಳಗೆ’. ಆ ಪಟ್ಟಿಯಲ್ಲಿ ಅಪ್ಪನಿಗೆ ಯಾವಾಗಲೂ ಒಂದು ಪರ್ಸು, ಒಂದು ಬೆಲ್ಟು. ನೋಡಿದರೆ ದೇಶದ ಅಪ್ಪಂದಿರೆಲ್ಲ ಬೆಲ್ಟಿಲ್ಲದೆ ಪ್ಯಾಂಟು ಹಿಡಿದುಕೊಂಡು ಓಡಾಡುತ್ತಿದ್ದಾರೇನೋ ಅನ್ನಿಸಬೇಕು!

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಊರು ಮೈಸೂರು. ಕಳೆದ ದಸರೆಗೆ ಮನೆಯವರಿಗೆಲ್ಲ ಏನಾದರೂ ಕೊಡಬೇಕು ಅನ್ನಿಸಿ ನನಗೆ ನಾನೇ ಒಂದು ಪಂದ್ಯ ಕಟ್ಟಿಕೊಂಡೆ. ದುಡ್ಡು 3,000 ರೂಪಾಯಿ. ಉಡುಗೊರೆ ಐದು ಜನರಿಗೆ. ದೇವರಾಜ ಮಾರುಕಟ್ಟೆ ಮತ್ತು ಅದರ ಸುತ್ತ ನಡೆದು ಹೋಗುವಷ್ಟು ದೂರದಲ್ಲೇ ಎಲ್ಲವನ್ನೂ ಕೊಳ್ಳಬೇಕು. ಗಲ್ಲಾದಲ್ಲಿ ಮಾಲೀಕರೇ ಕೂತಿರುವ ಅಂಗಡಿಯೇ ಆಗಬೇಕು. ಆ್ಯಪ್ ಇಲ್ಲ, ಮಾಲ್ ಇಲ್ಲ. ನನ್ನ ತಮ್ಮ ಇದನ್ನು ಕೇಳಿ, ‘ಅಕ್ಕಾ, ಮಳೆ ಬೇರೆ ಬರೋ ಹಾಗಿದೆ, ಸುಮ್ನೆ ಆರ್ಡರ್ ಮಾಡು’ ಎಂದು ಮಗ್ಗುಲು ಬದಲಿಸಿ ಮಲಗಿದ.

ನವರಾತ್ರಿಗೆ ಮುಂಚಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಧನ್ವಂತ್ರಿ ರಸ್ತೆ ಕಡೆಯಿಂದ ಮಾರುಕಟ್ಟೆಗೆ ಹೊಕ್ಕೆ. ದಸರಾ ಸಮಯದಲ್ಲಿ ಆ ಜಾಗ ಹೇಗಿರುತ್ತದೆ ಅನ್ನೋದು ಮೈಸೂರಿನವರಿಗೆ ಹೇಳಬೇಕಿಲ್ಲ. ಗೋಪುರದ ಹಾಗೆ ಒಟ್ಟಿದ ಬಣ್ಣ ಬಣ್ಣದ ಕುಂಕುಮ, ಮಾರುಗಟ್ಟಲೆ ಸೇವಂತಿಗೆ, ಬಾಳೆಗೊನೆ, ಊದುಬತ್ತಿಯ ಘಮ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರಕ್ಕೂ ಜಿಐ ಮಾನ್ಯತೆ ಇದೆ ಎಂದು ನಾವು ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವಲ್ಲ, ಅವೆಲ್ಲ ಇಲ್ಲಿ ತಲೆಹೊರೆಯಲ್ಲಿ ಬಂದು ಇಳಿಯುತ್ತವೆ.

ಮೊದಲು ಅಜ್ಜಿ. ಅಜ್ಜಿಗೆ 79 ವರ್ಷ. ಎಲೆ ಅಡಿಕೆ ಬಿಟ್ಟು ಬೇರಾವ ಆಸೆಯೂ ಇಲ್ಲ. ಹಲ್ಲು ಮಾತ್ರ ಕೈಕೊಟ್ಟಿದೆ. ಕುಟ್ಟಾಣಿ ಕೊಡೋಣ ಎಂದು ಹಿತ್ತಾಳೆ ಪಾತ್ರೆಯ ಅಂಗಡಿಗೆ ಹೋದೆ. ಶೆಲ್ಫಿನಲ್ಲಿ ಹೊಳೆಯುತ್ತಿದ್ದ ದಪ್ಪನೆಯ ಒಂದನ್ನು ತೋರಿಸಿ ಬೆಲೆ ಕೇಳಿದೆ. ಅಂಗಡಿಯವರು ಬೆಲೆ ಹೇಳಲಿಲ್ಲ.

‘ಯಾರಿಗಮ್ಮಾ?’

‘ಅಜ್ಜಿಗೆ.’

‘ನೆಲದ ಮೇಲೆ ಕೂತು ಕುಟ್ತಾರಾ, ಮಂಚದ ಮೇಲಾ?’

ಅಜ್ಜಿಗೆ ಮಂಡಿ ನೋವು ಶುರುವಾದ ಮೇಲೆ ಮಂಚವೇ ಅವರ ಸಾಮ್ರಾಜ್ಯ. ಹಾಗಂತ ಹೇಳಿದೆ. ‘ಹಂಗಾದ್ರೆ ಇದು ಬ್ಯಾಡ, ತೊಡೆ ಮೇಲೆ ಇಟ್ಕೊಂಡ್ರೆ ಭಾರ ಆಗುತ್ತೆ’ ಎಂದು ನಾನು ತೋರಿಸಿದ್ದನ್ನು ಪಕ್ಕಕ್ಕಿಟ್ಟು, ಒಳಗಿನಿಂದ ಸಣ್ಣ ಕೊಳವೆಯಂಥ ಒಂದು ಕುಟ್ಟಾಣಿ ತಂದರು. 900 ರೂಪಾಯಿಯದನ್ನು ಕೇಳಿದವಳಿಗೆ 380ರದ್ದು ಕೊಟ್ಟು ಕಳಿಸಿದರು. ಯಾವ ಆ್ಯಪ್ ಕೂಡ ಇವತ್ತಿನವರೆಗೆ ನನಗೆ ‘ಇದು ಬೇಡ, ಕಡಿಮೆ ಬೆಲೆಯದು ತಗೋ’ ಎಂದು ಹೇಳಿದ್ದಿಲ್ಲ.

ಮುಂದಿನದು ಅಪ್ಪನಿಗೆ, ಕಾಫಿ ಪುಡಿ. ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ. ಅರ್ಧ ಕೆಜಿ, 80–20 ಕೊಡಿ ಎಂದೆ. ಅಂದರೆ 80 ಭಾಗ ಕಾಫಿ, 20 ಭಾಗ ಚಿಕೋರಿ. ಅಲ್ಲಿಯೂ ಅದೇ ಪ್ರಶ್ನೆ: ‘ಯಾರಿಗೆ? ಸಕ್ಕರೆ ಹಾಕ್ಕೊಂಡು ಕುಡೀತಾರಾ?’ ಅಪ್ಪನಿಗೆ ಶುಗರ್ ಬಂದು ಎರಡು ವರ್ಷವಾಯಿತು, ಸಕ್ಕರೆ ಬಿಟ್ಟಿದ್ದಾರೆ. ‘ಸಕ್ಕರೆ ಇಲ್ಲದೆ ಕುಡಿಯೋರಿಗೆ ಚಿಕೋರಿಯ ಕಹಿ ಎದ್ದು ಕಾಣುತ್ತೆ. 90–10 ಮಾಡ್ಕೊಡ್ತೀನಿ, ಡಿಕಾಕ್ಷನ್ ಸ್ವಲ್ಪ ತೆಳ್ಳಗಾಗುತ್ತೆ, ಒಂದು ಚಮಚ ಪುಡಿ ಜಾಸ್ತಿ ಹಾಕೋಕೆ ಹೇಳಿ’ ಎಂದರು. ಫಿಲ್ಟರಿನ ತೂತು ಸಣ್ಣದೋ ದೊಡ್ಡದೋ ಎಂದೂ ವಿಚಾರಿಸಿದರು. ಪುಡಿ ಎಷ್ಟು ನುಣ್ಣಗಿರಬೇಕು ಅನ್ನೋದು ಅದರ ಮೇಲೆ ಹೋಗುತ್ತದಂತೆ. ಅಮ್ಮನಿಗೆ ಫೋನ್ ಮಾಡಿ, ಫಿಲ್ಟರ್ ತೊಳೆದು ಬೆಳಕಿಗೆ ಹಿಡಿದು ನೋಡಿಸಿ ಉತ್ತರ ಹೇಳಿದೆ.

ಇಷ್ಟು ಹೊತ್ತಿಗೆ ನನಗೊಂದು ವಿಷಯ ಹೊಳೆದಿತ್ತು. ಉಡುಗೊರೆ ಅನ್ನೋದು ವಸ್ತುವಿನ ಬಗ್ಗೆ ಅಲ್ಲ, ಕೊಡಿಸಿಕೊಳ್ಳುವವರ ಬಗ್ಗೆ ನಮಗೆ ಏನು ಗೊತ್ತು ಅನ್ನೋದರ ಬಗ್ಗೆ. ಆ್ಯಪ್ ನನ್ನನ್ನು ಕೇಳುವುದು ಪಿನ್‌ಕೋಡ್. ಅಂಗಡಿಯವರು ಕೇಳುವುದು ‘ಯಾರಿಗೆ?’. ಆ ಒಂದು ಪದಕ್ಕೆ ಉತ್ತರ ಕೊಡುವಷ್ಟರಲ್ಲಿ ಅಜ್ಜಿಯ ಮಂಡಿ, ಅಪ್ಪನ ಶುಗರ್ ಎಲ್ಲವೂ ಕೌಂಟರ್ ಮೇಲೆ ಬಂದು ಕೂತಿರುತ್ತವೆ.

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಬೆಳೆದದ್ದೇ ಇಂಥದೊಂದು ಗಲ್ಲಾದ ಪಕ್ಕ. ನಮ್ಮ ಬಡಾವಣೆಯಲ್ಲಿ ಅಪ್ಪನ ಫ್ಯಾನ್ಸಿ ಸ್ಟೋರ್ ಇತ್ತು. ಬಳೆ, ಪೆನ್ನು, ಗ್ರೀಟಿಂಗ್ ಕಾರ್ಡ್, ಗೋಡೆ ಗಡಿಯಾರ. ಮದುವೆ, ಗೃಹಪ್ರವೇಶ ಯಾವುದೇ ಇರಲಿ, ಆಗ ಗೋಡೆ ಗಡಿಯಾರವೇ ಉಡುಗೊರೆ. ‘ಅವರ ಮನೆಗೆ ಹೋದ ತಿಂಗಳು ನಿಮ್ಮ ಓರಗಿತ್ತಿನೂ ಗಡಿಯಾರನೇ ತಗೊಂಡ್ರು, ಈ ಸಲ ಬೇರೆ ನೋಡಿ’ ಎಂದು ಅಪ್ಪ ಹೇಳುವುದನ್ನು ನಾನೇ ಕೇಳಿದ್ದೇನೆ. 2021ರಲ್ಲಿ ಅಂಗಡಿ ಮುಚ್ಚಿದರು. ಈಗ ಬೇರೆಯವರ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ.

ಹಬ್ಬದ ತಿಂಗಳು ಸಣ್ಣ ಅಂಗಡಿಗೆ ಏನು ಅನ್ನೋದು ಹೊರಗೆ ನಿಂತವರಿಗೆ ಅಷ್ಟಾಗಿ ಕಾಣುವುದಿಲ್ಲ. ಗಣೇಶನ ಹಬ್ಬದಿಂದ ದೀಪಾವಳಿಯವರೆಗಿನ ವ್ಯಾಪಾರವೇ ನಮ್ಮ ವರ್ಷದ ಗತಿ ನಿರ್ಧರಿಸುತ್ತಿತ್ತು. ಹೋಲ್‌ಸೇಲ್‌ನವರಿಂದ ಮಾಲು ಸಾಲಕ್ಕೆ ತರಬೇಕು. ಹಬ್ಬ ಮುಗಿದ ಮೇಲೆ ದುಡ್ಡು ಕಟ್ಟಬೇಕು. ಮಾರಾಟವಾಗದೆ ಉಳಿದದ್ದು ಅಟ್ಟ ಸೇರುತ್ತಿತ್ತು. ಅಟ್ಟ ಸೇರಿದ್ದು ಮಾಲಲ್ಲ, ನಮ್ಮ ದುಡ್ಡು. ದಸರಾ ಚೆನ್ನಾಗಿ ಆದ ವರ್ಷ ನನ್ನ ಎರಡನೇ ಕಂತಿನ ಶಾಲಾ ಶುಲ್ಕ ಸಮಯಕ್ಕೆ ಸರಿಯಾಗಿ ಕಟ್ಟುತ್ತಿದ್ದರು. ಕೊನೆಕೊನೆಗೆ ಬರುತ್ತಿದ್ದ ಗಿರಾಕಿಗಳಲ್ಲಿ ಕೆಲವರು ವಸ್ತುವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಫೋಟೊ ತೆಗೆದು, ಅಲ್ಲೇ ನಿಂತು ಮೊಬೈಲಿನಲ್ಲಿ ಬೆಲೆ ಹುಡುಕಿ ಹೊರಟುಬಿಡುತ್ತಿದ್ದರು. ಅಪ್ಪ ಒಂದು ಮಾತೂ ಆಡದೆ ಅದನ್ನು ಮತ್ತೆ ಒರೆಸಿ ಶೆಲ್ಫಿನಲ್ಲಿ ಇಡುತ್ತಿದ್ದರು.

ಹಾಗಂತ ಅಯ್ಯೋ ಪಾಪ ಎಂದು ಕೊಳ್ಳುವುದು ಅಪ್ಪನಿಗೆ ಸುತರಾಂ ಹಿಡಿಸುವುದಿಲ್ಲ. ‘ಉಪಕಾರ ಮಾಡೋಕೆ ಬರೋ ಗಿರಾಕಿ ವರ್ಷಕ್ಕೊಂದ್ಸಲ ಬರ್ತಾನೆ. ತನಗೆ ಅನುಕೂಲ ಇದೆ ಅಂತ ಬರೋನು ವಾರ ವಾರ ಬರ್ತಾನೆ. ಅಂಗಡಿ ನಡೆಯೋದು ಎರಡನೆಯವನಿಂದ’ ಅನ್ನುತ್ತಾರೆ. ಅದಕ್ಕೇ ಅವತ್ತು ನಾನು ನನ್ನ ಅನುಕೂಲವನ್ನೇ ಲೆಕ್ಕ ಹಾಕುತ್ತಾ ನಡೆದೆ. ಅನನುಕೂಲಗಳೂ ಸಿಕ್ಕವು, ಮುಚ್ಚಿಡುವುದಿಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲ. ಒಂದು ಅಂಗಡಿಯಲ್ಲಿ ಡಬ್ಬ ಬಿಚ್ಚಿ ತೋರಿಸಿ ಎಂದದ್ದಕ್ಕೆ ಸಿಡುಕಿದರು. ಬಹಳ ಕಡೆ ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು. ಅಕ್ಕನ ನಾಲ್ಕು ವರ್ಷದ ಮಗನಿಗೆ ತೆಗೆದುಕೊಂಡ ಚನ್ನಪಟ್ಟಣದ ಮರದ ರೈಲು ಆನ್‌ಲೈನ್‌ನಲ್ಲಿ 60 ರೂಪಾಯಿ ಕಡಿಮೆಗಿದೆ ಎಂದು ತಮ್ಮ ಆಮೇಲೆ ಹುಡುಕಿ ತೋರಿಸಿದ.

ಆದರೆ ಆ ರೈಲು ಮಾರಿದ ಅಜ್ಜ, ‘ಮಗು ಬಾಯಿಗೆ ಹಾಕೋ ವಯಸ್ಸಾ?’ ಎಂದು ಕೇಳಿದ್ದರು. ಆಲೆ ಮರದಲ್ಲಿ ಮಾಡಿ ಅರಗಿನ ಬಣ್ಣ ಹಚ್ಚಿದ್ದನ್ನು ಮೂಸಿ ತೋರಿಸಿ, ಬರೀ ಪೇಂಟ್ ಬಳಿದ ನಕಲಿಗೂ ಇದಕ್ಕೂ ಇರುವ ವ್ಯತ್ಯಾಸ ಹೇಳಿಕೊಟ್ಟಿದ್ದರು. ಕಡಸಲು ಯಂತ್ರದಲ್ಲಿ ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಇಷ್ಟನ್ನು ತಿಳಿದುಕೊಳ್ಳಲು 60 ರೂಪಾಯಿ ಹೆಚ್ಚೇನಲ್ಲ ಎಂದು ನನ್ನ ಲೆಕ್ಕ.

ನಾಲ್ಕನೆಯದು ನನ್ನ ರೂಮ್‌ಮೇಟ್‌ಗೆ. ಅವಳು ಕೇರಳದವಳು, ಎಂಟು ತಿಂಗಳಿಂದ ಹಟ ಹಿಡಿದು ಕನ್ನಡ ಓದುತ್ತಿದ್ದಾಳೆ. ಪುಸ್ತಕದಂಗಡಿಯಲ್ಲಿ ಕತೆ ಹೇಳಿದಾಗ, ‘ಕಾದಂಬರಿ ಬೇಡ, ಅರ್ಧಕ್ಕೆ ಬಿಟ್ಟುಬಿಡ್ತಾರೆ’ ಎಂದು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಕೈಗಿಟ್ಟರು. ಬಿಡಿ ಬಿಡಿ ಬರಹ, ಸರಳ ಮಾತು, ನಗು. ಮೈಸೂರಿನಲ್ಲಿ ಪುಸ್ತಕ ಹುಡುಕುವಾಗ ಹಿರಿಯರು ಈಗಲೂ ಲ್ಯಾನ್ಸ್‌ಡೌನ್ ಕಟ್ಟಡವನ್ನು ನೆನೆಯುತ್ತಾರೆ. ಹಳೆ ಪುಸ್ತಕದ ಅಂಗಡಿಗಳಿದ್ದ ಆ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಜೀವ ಕಳೆದುಕೊಂಡರು. ಅದಾದ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕಟ್ಟಡವನ್ನು ದುರಸ್ತಿ ಮಾಡಿ ಉಳಿಸಬೇಕೋ, ಕೆಡವಿ ಹೊಸದಾಗಿ ಕಟ್ಟಬೇಕೋ ಎಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ವಾದದಲ್ಲಿ ಯಾರು ಸರಿ ಎಂದು ಹೇಳುವಷ್ಟು ನಾನು ಎಂಜಿನಿಯರ್ ಅಲ್ಲ. ಆದರೆ ಗೋಡೆ ಗಟ್ಟಿಯಾಗಿ, ಒಳಗೆ ಕೂರುವವರೇ ಇಲ್ಲದಿದ್ದರೆ? ಕುಟ್ಟಾಣಿ ಕೊಟ್ಟವರನ್ನು ‘ಮುಂದೆ ಅಂಗಡಿ ಯಾರು ನೋಡ್ಕೋತಾರೆ’ ಎಂದು ಕೇಳಿದ್ದೆ. ‘ಮಗ ನಿಮ್ಮ ಬೆಂಗಳೂರಲ್ಲೇ ಇದ್ದಾನೆ ಕಣಮ್ಮಾ, ಕಂಪ್ಯೂಟರ್ ಕೆಲಸ. ನಾನಿರೋ ತನಕ ನಡೆಯುತ್ತೆ’ ಎಂದು ನಕ್ಕರು. ನಾನೂ ಅಂಗಡಿಯವರ ಮಗಳೇ, ನಾನೂ ಬೆಂಗಳೂರಿನಲ್ಲೇ ಇದ್ದೇನೆ. ಏನೂ ಹೇಳಲು ತೋಚಲಿಲ್ಲ.

ಕೊನೆಯದು ಅಮ್ಮನಿಗೆ. ಮೈಸೂರು ರೇಷ್ಮೆ ಸೀರೆ ನನ್ನ 3,000ಕ್ಕೆ ನಿಲುಕುವ ಮಾತಲ್ಲ, ಅದು ಮುಂದಿನ ಇನ್‌ಕ್ರಿಮೆಂಟ್‌ಗೆ ಇರಲಿ. ಅಮ್ಮ ಪ್ರತಿ ನವರಾತ್ರಿಗೂ ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಅಮ್ಮನ ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು ಅನ್ನೋದು ಅವರ ಆಸೆ. ಗೊಂಬೆ ಅಂಗಡಿಯಾಕೆ ‘ಅಮ್ಮನ ಹತ್ರ ಯಾವ್ಯಾವುದು ಇದೆ ಹೇಳಮ್ಮಾ’ ಎಂದಾಗ ಬೆರಳು ಮಡಚುತ್ತಾ ಎಣಿಸಿದೆ. ದಶಾವತಾರ ಇದೆ, ಮದುವೆ ಸೆಟ್ ಇದೆ, ಅಂಬಾರಿ ಇದೆ. ‘ಶೆಟ್ಟರ ಅಂಗಡಿ?’ ಇತ್ತು. ಮೂರು ವರ್ಷದ ಕೆಳಗೆ ಶೆಟ್ಟಮ್ಮನ ಕೈ ಮುರಿದು, ಅಮ್ಮ ಡಬ್ಬದಲ್ಲೇ ಇಟ್ಟುಬಿಟ್ಟಿದ್ದರು. ಅದನ್ನೇ ಕೊಂಡೆ, 650 ರೂಪಾಯಿ.

ನಿಮ್ಮ ಮನೆಯಲ್ಲೂ ಇರಬಹುದು ಈ ಜೋಡಿ. ದುಂಡು ಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ, ಎದುರಿಗೆ ಚಿಕ್ಕ ಚಿಕ್ಕ ಬಟ್ಟಲಲ್ಲಿ ಅಕ್ಕಿ, ಬೇಳೆ, ಬೆಲ್ಲ. ರಾಜ ರಾಣಿ, ದೇವರು ದಿಂಡರು ಎಲ್ಲರೂ ಇರುವ ಆ ಪುಟ್ಟ ಜಗತ್ತಿನಲ್ಲಿ ಒಂದು ಅಂಗಡಿಯೂ ಇರಲೇಬೇಕು ಎಂದು ನಮ್ಮ ಹಿರಿಯರಿಗೆ ಅನ್ನಿಸಿತ್ತಲ್ಲ! ಊರು ಅಂದಮೇಲೆ ಅಂಗಡಿ, ಅಂಗಡಿ ಅಂದಮೇಲೆ ಅದರಲ್ಲಿ ಕೂತಿರುವ ಒಂದು ಮುಖ.

ಚಿಕ್ಕ ಗಡಿಯಾರದ ಹತ್ತಿರ ಬಂದಾಗ ಮೂರು ಗಂಟೆ. ಐದು ತಾಸು ಅಲೆದಿದ್ದೆ, ಖರ್ಚು 2,640 ರೂಪಾಯಿ. ಉಳಿದ 360ರಲ್ಲಿ ಒಂದು ಕಟ್ಟು ವೀಳ್ಯದೆಲೆ, ಎರಡು ಮೊಳ ಮಲ್ಲಿಗೆ, ಸಯ್ಯಾಜಿರಾವ್ ರಸ್ತೆಯಲ್ಲಿ ತಮ್ಮನಿಗೆಂದು ಕಾಲು ಕೆಜಿ ಮೈಸೂರು ಪಾಕ್. ಮಲಗಿದ್ದವನಿಗೆ ಸಿಹಿ ಯಾಕೆ ಎಂದು ಕೇಳಬೇಡಿ, ತಮ್ಮಂದಿರು ಹಾಗೆಯೇ.

ಎಲ್ಲವನ್ನೂ ಸಣ್ಣ ಅಂಗಡಿಯಲ್ಲೇ ಕೊಳ್ಳಿ ಎಂದು ಹೇಳಲು ನಾನು ಹೊರಟಿಲ್ಲ. ಚಾರ್ಜರ್ ಕೆಟ್ಟರೆ ನಾನೂ ಆ್ಯಪ್ ತೆರೆಯುತ್ತೇನೆ. ಆದರೆ ಹಬ್ಬದ ಐದು ಉಡುಗೊರೆಯಲ್ಲಿ ಎರಡನ್ನಾದರೂ ನಿಮ್ಮೂರಿನ ಪೇಟೆಯಲ್ಲಿ ಹುಡುಕಿ ನೋಡಿ. ಹುಬ್ಬಳ್ಳಿಯಾದರೇನು, ಶಿವಮೊಗ್ಗವಾದರೇನು, ಹಳೆ ಪೇಟೆ ಇಲ್ಲದ ಊರಿಲ್ಲ. ಬೆಳಿಗ್ಗೆ ಬೇಗ ಹೋಗಿ, ಆಗ ಮಾತಾಡಲು ಅಂಗಡಿಯವರಿಗೂ ಬಿಡುವು ಇರುತ್ತದೆ. ಬಟ್ಟೆ ಚೀಲ ಒಯ್ಯಿರಿ. ಬೆಲೆ ಹೆಚ್ಚು ಅನ್ನಿಸಿದರೆ ನೇರವಾಗಿ ಕೇಳಿ, ಕದ್ದು ಫೋಟೊ ತೆಗೆಯಬೇಡಿ. ಮತ್ತೆ ಮುಖ್ಯವಾದದ್ದು, ‘ಯಾರಿಗೆ?’ ಎಂದು ಕೇಳಿದಾಗ ‘ಸುಮ್ನೆ ಗಿಫ್ಟ್‌ಗೆ’ ಎಂದು ಹೇಳಿ ಮುಗಿಸಬೇಡಿ. ಅವರ ವಯಸ್ಸು, ಅಭ್ಯಾಸ, ಮಂಡಿ ನೋವು ಎಲ್ಲ ಹೇಳಿ. ಆ ಪ್ರಶ್ನೆ ಕೇಳುವವರು ಗಲ್ಲಾದಲ್ಲಿ ಇರುವಷ್ಟು ದಿನ ಉತ್ತರ ಹೇಳಿಬಿಡೋಣ.